ಹಗಲಲ್ಲಿ ಇಳಿದ ಪರದೆ

ಬಿಸಿಲು ದಿಂಬಿಗೆ ಬಂತು, ಈಗಷ್ಟೇ ಮಂಚದ ಕಾಲ್ದೆಸೆಯಲ್ಲಿತ್ತು, ನಾನು ಒಂದು ಬಟ್ಟಲು ಚಹಾ ಕುಡಿದು ಬರುವಷ್ಟರಲ್ಲಿ ರಜಾಯಿಯ ಮೇಲೆ ಹರಿದು ಬಂದು ದಿಂಬಿನ ನಟ್ಟನಡುವೆ ಕೂತಿದೆ, ಸರಿಯಾಗಿ ಅವಳು ತಲೆ ಇಡುವ ಗುಳಿಯಲ್ಲೇ, ಇಡೀ ಕೋಣೆಯಲ್ಲಿ ಇದಕ್ಕೆ ಬೇರೆ ಜಾಗವೇ ಸಿಗಲಿಲ್ಲವೇ — ಹತ್ತು ಗಂಟೆಯಾಗಿರಬೇಕು, ಹನ್ನೆರಡಕ್ಕೆ ಜಿಪಾರಳನ್ನು ಆಸ್ಪತ್ರೆಯಿಂದ ಕರೆತರುತ್ತಾರೆ, ಬಲಗಣ್ಣಿಗೆ ಬಿಳಿ ಮುಚ್ಚಳ ಕಟ್ಟಿಸಿಕೊಂಡು ಬರುತ್ತಾಳೆ ನನ್ನ ಹೆಂಡತಿ, ಎಡಗಣ್ಣಿನ ಪೊರೆ ಹಾಗೇ ಇದೆ, ಅದರ ಸರದಿ ಚಳಿ ಶುರುವಾದ ಮೇಲೆ, ಈಗ ಇದೊಂದು ಉಳಿದರೆ ಸಾಕು. ಆ ಡಾಕ್ಟರು, ಡಾಕ್ಟರೇನು, ಬಿಳಿ ಟೋಪಿ ಹಾಕಿದ ಹುಡುಗಿ, ಬೆರಳು ಎತ್ತಿ ಎತ್ತಿ ನನಗೇ ಪಾಠ ಹೇಳಿದಳು, ತಾತಾ, ಒಂದು ವಾರ ಕೋಣೆ ಕತ್ತಲಾಗಿರ್ಬೇಕು, ಮುಚ್ಚಳ ತೆಗೆದು ಮದ್ದು ಹಾಕೋವಾಗ ಬಿಸ್ಲು ಏನಾದ್ರೂ ಬಿತ್ತೋ ಮಾಡಿದ್ದೆಲ್ಲ ಮಣ್ಣುಪಾಲು — ಮಣ್ಣುಪಾಲು ಅಂದಳಲ್ಲ, ಅಷ್ಟು ಸಣ್ಣ ಬಾಯಲ್ಲಿ ಅಷ್ಟು ದೊಡ್ಡ ಮಾತು. ಮಗಳು ಚೋಲ್ಪೋನ್ ಅಲ್ಲೇ ಇದ್ದಳು, ಅಪ್ಪಾ, ಪರದೆ ಹಾಕೋನು ಒಬ್ನು ಗೊತ್ತಿದಾನೆ, ಕಳಿಸ್ತೀನಿ, ಅರ್ಧ ಗಂಟೆ ಕೆಲ್ಸ, ಅಂದಳು. ನಾನು ಎದೆ ಉಬ್ಬಿಸಿದೆ, ಮೂವತ್ತೊಂದು ವರ್ಷ ಈ ಬಿಷ್ಕೆಕ್ ಊರಲ್ಲಿ ಟ್ರಾಲಿ ಬಸ್ಸು ಓಡಿಸಿದವನು, ಆಲಿಕಲ್ಲು ಬೀಳುವಾಗ ಹಿಂದೆ ನಿಂತು ಹಗ್ಗ ಜಗ್ಗಿ ಬಸ್ಸಿನ ನೆತ್ತಿಯಿಂದ ಜಾರಿದ ಎರಡು ಕೊಂಬನ್ನೂ ಕರೆಂಟಿನ ತಂತಿಗೆ ಏರಿಸಿದವನು, ಒಂದು ತುಂಡು ಬಟ್ಟೆ ನೇತುಹಾಕೋಕೆ ಬಾಡಿಗೆ ಆಳು ಬೇಕಾ ನನಗೆ? ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಜಿಪಾರ್ ನಕ್ಕಳು, ಬಿಡೇ ಚೋಲ್ಪೋನ್, ಮಾಡ್ಲಿ ಮುದ್ಕಪ್ಪ, ಹೇಗೂ ಒಂದು ವಾರ ನಂಗೆ ಏನೂ ಕಾಣಲ್ಲ, ಸೊಟ್ಟಗಿದ್ರೂ ಗೊತ್ತಾಗಲ್ಲ. ಆ ನಗು ಇನ್ನೂ ಕಿವಿಯಲ್ಲೇ ಇದೆ. ಎರಡು ಗಂಟೆ ಸಮಯ ಇದೆ, ಗೋಡೆಯಲ್ಲಿ ಒಂದು ತೂತೂ ಆಗಿಲ್ಲ.

ಟೇಪು ಎಲ್ಲಿ, ಕೈಯಲ್ಲೇ ಇದೆ, ಈ ದರಿದ್ರ ಟೇಪಿನ ಮೊದಲ ಎರಡು ಸೆಂಟಿಮೀಟರ್ ಇಲ್ಲ, ಚೋಲ್ಪೋನ್ ಚಿಕ್ಕವಳಿದ್ದಾಗ ಅದನ್ನೇ ತಂತಿ ಮಾಡಿಕೊಂಡು ಟ್ರಾಲಿ ಬಸ್ಸಿನ ಆಟ ಆಡಿ ಮುರಿದಳು, ಆದ್ದರಿಂದ ಅಳೆದ ಮೇಲೆ ಎರಡು ಕಳೆಯಬೇಕು, ಇದು ಮೂವತ್ತು ವರ್ಷದಿಂದ ನನಗೆ ಗೊತ್ತು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ, ಅಂಗಡಿಯಲ್ಲಿ ಮಾತ್ರ ಆ ಮೀಸೆ ಹುಡುಗ, ತಾತಾ, ಸರಿಯಾಗಿ ಅಳತೆ ಮಾಡಿದೀರಾ, ಅಂತ ಕೇಳಿದ ಕೂಡಲೇ ಮೈ ಉರಿದುಹೋಗಿ ಕಳೆಯೋದರ ಬದಲು ಕೂಡಿಸಿಬಿಟ್ಟೆ. ಪರದೆ ಸುತ್ತಿಕೊಳ್ಳುವ ಸುರುಳಿಯ ಕೊಳವೆ ನಾಲ್ಕು ಸೆಂಟಿಮೀಟರ್ ಹೆಚ್ಚಾಗಿ ಬಂತು. ಕಿಟಕಿಯ ಗೂಡಿನೊಳಗೆ ಇಟ್ಟರೆ ಒಂದು ತುದಿ ಹೊರಗೆ ಮುಖ ಹಾಕಿ ಇಣುಕುತ್ತದೆ. ಗರಗಸ ತಂದೆ, ಅಡುಗೆಮನೆಯ ಸ್ಟೂಲಿನ ಮೇಲೆ ಕೊಳವೆ ಇಟ್ಟು ಮಂಡಿಯಲ್ಲಿ ಒತ್ತಿ ಹಿಡಿದು ಕೊಯ್ದೆ, ಕೊಳವೆಯ ಜೊತೆ ಸ್ಟೂಲಿನ ಅಂಚೂ ಬಂತು, ಇರಲಿ, ಅದನ್ನು ಗೋಡೆ ಕಡೆ ತಿರುಗಿಸಿಟ್ಟಿದ್ದೇನೆ, ಒಂದು ವಾರ ಅವಳಿಗೆ ಕಾಣುವುದಿಲ್ಲವಲ್ಲ. ಬಟ್ಟೆಯನ್ನೂ ಅಷ್ಟೇ ಕತ್ತರಿಸಿದೆ, ಕಪ್ಪು ಒಳಪದರದ ದಪ್ಪ ಬಟ್ಟೆ, ಜಿಪಾರಳ ಹೊಲಿಗೆಯ ಕತ್ತರಿ ಮುಟ್ಟಿದ್ದು ಗೊತ್ತಾದರೆ ಕಣ್ಣಿಲ್ಲದೆಯೂ ನನ್ನನ್ನು ಹುಡುಕಿ ಹೊಡೆಯುತ್ತಾಳೆ. ಇನ್ನು ಡ್ರಿಲ್. ಡ್ರಿಲ್ ತಾಬಿಲ್ಡಿಯದು, ಒಂದನೇ ಮಹಡಿಯವನು, ನನಗಿಂತ ನಾಲ್ಕು ವರ್ಷ ದೊಡ್ಡವನು, ಅಂಗಳದ ಬೆಂಚಿನ ಯಜಮಾನ, ನಿನ್ನೆ ಕೇಳಿದಾಗ ಯಾಕೆ ಅಂದ, ಗೋಡೆಗೆ ತೂತು ಅಂದೆ, ಯಾತಕ್ಕೆ ತೂತು ಅಂದ, ಬೇಕು ಅದಕ್ಕೆ ಅಂದೆ, ಪರದೆ ಅಂತ ಬಾಯಿ ಬಿಟ್ಟಿದ್ದರೆ ಮುಗೀತು, ಬೆಂಚಿನ ನಾಲ್ವರೂ ಮೇಲೆ ಬಂದು ಹಿಂದೆ ಕೈ ಕಟ್ಟಿ ನಿಂತು, ಎಡಕ್ಕೆ, ಬಲಕ್ಕೆ, ಹಾಗಲ್ಲ ಎಸೆನ್, ಹೀಗೆ ಎಸೆನ್, ಅನ್ನುತ್ತಿದ್ದರು, ಅದಕ್ಕೇ ಹೇಳಲಿಲ್ಲ, ಒಳ್ಳೇದೇ ಮಾಡಿದೆ. ಈ ಕೋಣೆಯಲ್ಲಿ ಕರೆಂಟು ಬರೋದು ಒಂದೇ ಪ್ಲಗ್ಗಿಗೆ, ಅದರಲ್ಲಿ ಫೋನು ಚಾರ್ಜಾಗುತ್ತಿತ್ತು, ಕಿತ್ತುಹಾಕಿ ಡ್ರಿಲ್ ಸಿಕ್ಕಿಸಿದೆ, ಫೋನು ಕುಂಯ್ ಅಂತ ಸದ್ದು ಮಾಡಿ ಕಣ್ಣು ಮುಚ್ಚಿತು, ಇರಲಿ, ಯಾರು ಫೋನು ಮಾಡುತ್ತಾರೆ ನನಗೆ. ಗೋಡೆ ಹಳೇ ಕಾಂಕ್ರೀಟು, ಎರಡು ಬೆರಳಷ್ಟು ಒಳಗೆ ಹೋಗಿ ಕಬ್ಬಿಣದ ಸರಳಿಗೆ ತಾಗಿ ಕೀಂಯ್ ಅಂತ ಕಿರುಚಿತು, ಪಕ್ಕಕ್ಕೆ ಇನ್ನೊಂದು, ಅಲ್ಲೂ ಸರಳು, ಆ ಕಾಲದವರು ಮನೆ ಕಟ್ಟಿದ್ದೋ ಯುದ್ಧಕ್ಕೆ ತಯಾರಾಗಿದ್ದೋ, ಐದನೇ ತೂತಿಗೆ ಸ್ಕ್ರೂ ಹಿಡಿಯಿತು, ನನ್ನ ತಲೆ ಹುಬ್ಬು ಮೀಸೆ ಎಲ್ಲ ಬೆಳ್ಳಗೆ ಸಿಮೆಂಟು ಪುಡಿ, ಉಳಿದ ನಾಲ್ಕು ತೂತಿಗೆ ಹಲ್ಲುಜ್ಜುವ ಪೇಸ್ಟು ಒತ್ತಿ ಸವರಿದ್ದೇನೆ, ಈಗ ಗೋಡೆಯಿಂದ ಪುದೀನಾ ವಾಸನೆ ಬರುತ್ತಿದೆ.

ಅವಳು ಈ ಕಿಟಕಿಗೆ ಪರದೆ ಹಾಕಲು ಬಿಟ್ಟಿದ್ದೇ ದೊಡ್ಡದು, ಬಲೆಯಂಥ ತೆಳ್ಳನೆ ಬಿಳಿ ಬಟ್ಟೆ ಬಿಟ್ಟರೆ ಮೂವತ್ತು ವರ್ಷದಲ್ಲಿ ಇದಕ್ಕೆ ಏನನ್ನೂ ತಾಗಿಸಿಲ್ಲ. ಬೆಟ್ಟದ ಹುಲ್ಲುಗಾವಲಲ್ಲಿ ಉಣ್ಣೆ ಗುಡಾರದೊಳಗೆ ಹುಟ್ಟಿದವಳು, ಅವರಮ್ಮ ಬೆಳಗಾಗುವ ಮುಂಚೆ ಎದ್ದು ಹಗ್ಗ ಎಳೆದು ಗುಡಾರದ ನೆತ್ತಿಯ ಕಿಂಡಿಯ ಮುಚ್ಚಿಗೆ ಸರಿಸುತ್ತಿದ್ದಳಂತೆ, ಬಿಸಿಲು ಜಾಸ್ತಿಯಾದರೆ ಹಗ್ಗ ಅರ್ಧ ಎಳೆ, ಗಾಳಿಯಾದರೆ ಈ ಕಡೆ, ಮಳೆಯಾದರೆ ಆ ಕಡೆ, ಆದರೆ ಹಗಲಲ್ಲಿ ಪೂರ್ತಿ ಮುಚ್ಚಬಾರದು, ಹಗಲಲ್ಲಿ ಮುಚ್ಚಿದ ಮನೆ ಸಾವಿನ ಮನೆ, ನಮ್ಮಲ್ಲಿ ಯಾರನ್ನಾದರೂ ಬಾಯಿ ತುಂಬ ಶಪಿಸಬೇಕಾದರೂ ನಿನ್ನ ಮನೆ ಕಿಂಡಿ ಮುಚ್ಚಲಿ ಅಂತಲೇ ಅನ್ನೋದು. ಹಗಲಲ್ಲಿ ಕಿಟಕಿ ಮುಚ್ಚೋದಾ, ಯಾರು ಸತ್ತಿದಾರೆ ನಮ್ಮನೇಲಿ, ಅಂತ ಮೊದಲು ಆಸ್ಪತ್ರೆಯಲ್ಲೇ ಕೂಗಾಡಿದಳು, ನಾನು ಹೇಳಿದೆ, ಒಂದೇ ವಾರ ಕಣೇ, ಆಮೇಲೆ ಕಿತ್ತು ಕರಡಿ ಮೈಗೆ ಹೊದಿಸು ಬೇಕಾದ್ರೆ. ಕಿಟಕಿ ಅಂದರೆ ಅವಳಿಗೆ ಕಚೇರಿ, ಬೆಳಿಗ್ಗೆ ಆರಕ್ಕೆ ಜಿರೇನಿಯಂ ಕುಂಡಗಳ ಮಧ್ಯೆ ಮೊಣಕೈ ಊರಿದರೆ ಅಂಗಳವೆಲ್ಲ ಅವಳ ಆಡಳಿತ, ಏಯ್ ಕಾರು ಅಲ್ಲಿ ನಿಲ್ಸಬೇಡ, ಏಯ್ ಮಗಳೇ ಟೋಪಿ ಹಾಕ್ಕೊ, ತಾಬಿಲ್ಡಿ, ಆ ಡಾಮಿನೋ ಗೋಟಿ ಕದ್ದಿದ್ದು ನಾನು ನೋಡ್ದೆ — ಪೊರೆ ಬಂದು ಆರು ವರ್ಷದಿಂದ ಏನೂ ನೋಡಿಲ್ಲ ಅವಳು, ಸುಮ್ಮನೆ ಅಂದಾಜಿನ ಮೇಲೆ ಕೂಗುವುದು, ಆದರೆ ತಾಬಿಲ್ಡಿ ಪ್ರತಿ ಸಲವೂ ಗೋಟಿ ವಾಪಸು ಇಡುತ್ತಾನೆ. ಈಗ ಸಮ ನೋಡಬೇಕು, ಮಟ್ಟಗೋಲು ಇಲ್ಲ, ಅರ್ಧ ಕುಡಿದ ಕುಮಿಸ್ ಬಾಟಲಿಯನ್ನು ಅಡ್ಡ ಮಲಗಿಸಿ ಕೊಳವೆಯ ಮೇಲೆ ಇಟ್ಟೆ, ಹುಳಿಬಂದ ಕುದುರೆ ಹಾಲು ಯಾವ ಕಡೆ ಸರಿಯುತ್ತದೋ ಆ ಕಡೆ ತಗ್ಗು, ಇದಕ್ಕಿಂತ ನಿಖರವಾದ ಯಂತ್ರ ಬೇಕಾ, ಬಲಕ್ಕೆ ಕೂದಲೆಳೆಯಷ್ಟು ಏರಿಸಿದೆ, ಹಾಲು ನಿಂತಿತು, ಅಷ್ಟರಲ್ಲಿ ಬಿಸಿಲಿಗೆ ಉಬ್ಬಿದ್ದ ಬಾಟಲಿಯ ಮುಚ್ಚಳ ಟಪ್ ಅಂತ ಹಾರಿ ಅರ್ಧ ಹಾಲು ನನ್ನ ಕೊರಳೊಳಗೆ. ಇರಲಿ, ಇರಲಿ. ಪರದೆ ಎಳೆಯುವ ಸರಪಳಿಯ ತುದಿ ಎಡಕ್ಕೆ ಬರಬೇಕೋ ಬಲಕ್ಕೋ, ಜೊತೆಗೆ ಬಂದ ಚೀಟಿಯಲ್ಲಿ ಚಿತ್ರ ಇದೆ, ಚಿತ್ರದಲ್ಲಿರುವ ಮನುಷ್ಯ ನಗುತ್ತಾ ಒಂದೇ ಕೈಯಲ್ಲಿ ಮಾಡುತ್ತಿದ್ದಾನೆ, ಅವನ ಮುಖಕ್ಕಿಷ್ಟು. ಸಿಕ್ಕಿಸಿದೆ, ಟಕ್ ಅಂದಿತು, ಮಣಿ ಸರಪಳಿ ಎಳೆದೆ, ಇಳಿಯಿತು, ಇಳಿಯಿತು ನೋಡು, ರೊಯ್ಯನೆ ಕುಂಡಗಳ ಹಿಂದೆ ಜಾರಿ ಗೂಡಿನ ತಳದವರೆಗೆ, ದಿಂಬಿನ ಮೇಲಿನ ಬಿಸಿಲು ಎದ್ದು ಹೋಯಿತು, ಕೋಣೆ ಕತ್ತಲು, ಶಭಾಷ್ ಎಸೆನ್. ಎಡ ಅಂಚಿನ ಸಂದಿಯಲ್ಲಿ ಇಣುಕಿದೆ, ಕೆಳಗೆ ಬೆಂಚಿನಲ್ಲಿ ತಾಬಿಲ್ಡಿ ತಲೆ ಎತ್ತಿ ಈ ಕಡೆಯೇ ನೋಡುತ್ತಿದ್ದಾನೆ, ಗೋಟಿ ಕೆಳಗಿಟ್ಟ, ಎದ್ದು ನಿಂತ, ಉಳಿದ ಮೂವರೂ ಎದ್ದು ನಿಂತರು, ಇದಪ್ಪಾ ಮರ್ಯಾದೆ ಅಂದರೆ, ಕೆಲಸ ಬಲ್ಲವರು ಕೆಲಸ ನೋಡಿದ ಕೂಡಲೇ ಎದ್ದು ನಿಲ್ಲುತ್ತಾರೆ. ಈಗ ಒಂದು ಸಲ ಏರಿಸಿ ನೋಡೋಣ ಅಂತ ಸರಪಳಿ ಎಳೆದರೆ ಏರದು. ಈ ಕಡೆ ಎಳೆದರೆ ಕರ್ರ್, ಆ ಕಡೆ ಎಳೆದರೆ ಏನೂ ಇಲ್ಲ, ಎಡ ಬಲ ಅದಲುಬದಲಾಗಿದೆ, ಕೊಯ್ದ ತುದಿ ಒಳಗೆ ಕಚ್ಚಿಕೊಂಡಿದೆ. ಸರಿ, ಏರದಿದ್ದರೆ ಬೇಡ, ನಮಗೆ ಬೇಕಿರೋದು ಇಳಿಯೋದು ತಾನೇ, ಆದರೂ ಮನಸ್ಸು ತಡೆಯದು, ಏಣಿ ಹತ್ತಿದೆ, ಸ್ಕ್ರೂಡ್ರೈವರ್ ಹಲ್ಲಲ್ಲಿ ಕಚ್ಚಿಕೊಂಡೆ, ಎರಡೂ ಕೈ ಮೇಲೆ.

ಯಾರೋ ಅಳುತ್ತಿದ್ದಾರೆ. ಮೆಟ್ಟಿಲಲ್ಲಿ, ಗಂಡಸಿನ ದನಿ, ಒಂದಲ್ಲ, ಮೂರು ನಾಲ್ಕು, ಅಯ್ಯೋ ನನ್ನ ಅಕ್ಕಾ, ಅಯ್ಯೋ ನನ್ನ ಕರುಳೇ — ಸಾವಿನ ಮನೆಗೆ ಹೋಗುವಾಗ ನಮ್ಮ ಗಂಡಸರು ದೂರದಿಂದಲೇ ಕೂಗಿಕೊಂಡು ಹೋಗುತ್ತಾರಲ್ಲ, ಅದೇ ಕೂಗು, ಛೆ, ಯಾರು ಹೋದರೋ ಪಾಪ, ಒಂದನೇ ಮಹಡಿ ದಾಟಿತು ಕೂಗು, ಹಾಗಾದರೆ ಎರಡನೆಯದಿರಬೇಕು, ಬಾತ್ಮಾಳ ಮನೆ, ಅವಳ ಅತ್ತೆಗೆ ತೊಂಬತ್ತು ದಾಟಿತ್ತು, ಒಳ್ಳೆ ಹೆಂಗಸು, ಹೋಗಬೇಕು, ಈ ಸಿಮೆಂಟು ತೊಳೆದುಕೊಂಡು ಹೋಗಬೇಕು, ಎರಡನೆಯದೂ ದಾಟಿತು, ದಾಟಿ ಮೇಲೆ ಬರುತ್ತಿದೆ, ಮೇಲೆ ನಾಲ್ಕನೇ ಮಹಡಿಯಲ್ಲಿ ಒಬ್ಬಳು ಟೀಚರು ಇದ್ದಾಳೆ, ಐದರಲ್ಲಿ ಯಾರೋ ಬಾಡಿಗೆಯವರು, ಹೋಗಲಿ, ಮೇಲೆ ಹೋಗಲಿ, ದೇವರೇ ಮೇಲೆ ಹೋಗಲಿ, ಟೀಚರು ನನ್ನನ್ನು ಕ್ಷಮಿಸಲಿ — ಕೂಗು ನಮ್ಮ ಬಾಗಿಲ ಮುಂದೆ ನಿಂತಿತು. ಬಾಗಿಲು ಬಡಿಯಲೂ ಇಲ್ಲ, ತಳ್ಳಿಕೊಂಡೇ ಬಂದರು. ಸ್ಕ್ರೂಡ್ರೈವರ್ ಬಾಯಿಂದ ಜಾರಿ ಕೆಳಗೆ ಬಿತ್ತು. ಈ ಮನೆಯಲ್ಲಿ ಇರುವುದು ನಾವಿಬ್ಬರು, ನಾನು ಏಣಿಯ ಮೇಲೆ ಇದ್ದೇನೆ. ಅಪ್ಪ ಸತ್ತ ದಿನ ನೆನಪಾಯಿತು, ಅವತ್ತು ನಾನು ಬಸ್ಸು ಓಡಿಸುತ್ತಿದ್ದೆ, ಬಜಾರ್ ನಿಲ್ದಾಣದಲ್ಲಿ ಡಿಪೋದ ಮುಖ್ಯಸ್ಥ, ನನ್ನ ಚಿಕ್ಕಪ್ಪ, ಇನ್ನಿಬ್ಬರು ಹಿರಿಯರು ಹತ್ತಿದರು, ಟಿಕೆಟ್ ತೆಗೆಯಲಿಲ್ಲ, ಮಾತಿಲ್ಲ, ನನ್ನ ಬೆನ್ನ ಹಿಂದೆ ಕೂತು ಊರನ್ನು ಎರಡು ಸುತ್ತು ಪೂರ್ತಿ ಹೊಡೆದರು, ನಾನು ಏನೋ ತನಿಖೆ ಅಂತ ಹೆದರಿ ಪ್ರತಿ ತಿರುವಲ್ಲೂ ಬೆಣ್ಣೆಯಂತೆ ತಿರುಗಿಸಿದೆ, ಮೂರನೇ ಸುತ್ತಿಗೆ ಚಿಕ್ಕಪ್ಪ ಹೆಗಲ ಮೇಲೆ ಕೈ ಇಟ್ಟ, ಎಸೆನ್, ಬಸ್ಸು ಪಕ್ಕಕ್ಕೆ ಹಾಕಪ್ಪ. ನಮ್ಮಲ್ಲಿ ಹಾಗೇ, ಹತ್ತಿರದವನಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗಬೇಕು, ಹಿರಿಯರು ಬಂದು ಮೆಲ್ಲಗೆ ಹೇಳಬೇಕು, ಇವತ್ತು ಹಿರಿಯರು ತಾಬಿಲ್ಡಿ, ಫೋನು ಸತ್ತು ಬಿದ್ದಿದೆ, ಆಸ್ಪತ್ರೆಯವರು ನನಗೆ ಮಾಡಿ ಮಾಡಿ ಸಾಕಾಗಿ ಅವನಿಗೆ ಮಾಡಿದ್ದಾರೆ. ಕಣ್ಣಿನ ಆಪರೇಷನ್ನಲ್ಲೂ ಸಾಯುತ್ತಾರಾ ಯಾರಾದರೂ, ಸಾಯುತ್ತಾರೆ, ಹೃದಯ ಅಂತಾರೆ, ಮದ್ದು ಹಿಡಿಸಲಿಲ್ಲ ಅಂತಾರೆ, ಜಿಪಾರ್ ಸತ್ತಳು. ಇಳಿಯಲು ಕಾಲು ಹುಡುಕಿದೆ, ಏಣಿಯ ಮೆಟ್ಟಿಲು ಇದ್ದ ಜಾಗದಲ್ಲಿ ಇರಲಿಲ್ಲ.

ನಾಲ್ಕು ಜನ ಹಿಡಿದುಕೊಂಡರು, ತಾಬಿಲ್ಡಿ ತಬ್ಬಿಕೊಂಡು ನನ್ನ ಸಿಮೆಂಟು ಕಿವಿಯಲ್ಲಿ ಗೊಳೋ ಅಂತ ಅತ್ತ, ನಾನೂ ಅತ್ತೆ, ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ದನಿ ತೆಗೆದು ಅತ್ತೆ. ಗಟ್ಟಿಯಾಗಿರು ಎಸೆನ್, ಗಟ್ಟಿಯಾಗಿರಪ್ಪಾ, ಅಂದ. ನಂಗ್ಯಾರೂ ಹೇಳ್ಲೇ ಇಲ್ವಲ್ಲ ಅಣ್ಣಾ, ಅಂದೆ. ಹೇಳೋದೇನಿದೆ ತಮ್ಮಾ, ನೋಡಿದ್ರೇ ಗೊತ್ತಾಗಲ್ವಾ, ಅಂತ ಕಿಟಕಿಯ ಕಡೆ ಕೈ ಮಾಡಿ ಮತ್ತೆ ಅತ್ತ, ನಾನು ಆ ಕಡೆ ನೋಡಿದೆ, ಅಲ್ಲಿ ಪರದೆ ಇತ್ತು, ಸ್ವಲ್ಪ ಎಡಕ್ಕೆ ವಾಲಿದೆ, ಕುಮಿಸ್ ಬಾಟಲಿಗೆ ಆ ವಾಲುವಿಕೆ ಹೇಗೆ ಕಾಣಲಿಲ್ಲವೋ, ಛೆ ಏನು ಯೋಚನೆ ಇದು, ಹೆಂಡತಿ ಸತ್ತಿದ್ದಾಳೆ, ಒಂದು ಸ್ಕ್ರೂ ಅರ್ಧ ತಿರುವು ಬಿಗಿ ಮಾಡಿದರೆ ಸರಿಹೋಗುತ್ತೆ ಅಂತ ತಲೆ ಹೇಳುತ್ತಿದೆ, ಥೂ ನಿನ್ನ. ಬೆಳಿಗ್ಗೆನೇ ಆಯ್ತೇನೋ, ಅಂತ ಬೆಂಚಿನ ಇನ್ನೊಬ್ಬ ಮೂಗೊರೆಸಿಕೊಂಡ, ಬೆಳಿಗ್ಗೆ ಆಯಿತು, ಬೆಳಿಗ್ಗೆ ನಾನು ಏನು ಮಾಡುತ್ತಿದ್ದೆ, ಸ್ಟೂಲು ಕೊಯ್ಯುತ್ತಿದ್ದೆ, ಅವಳು ಅಲ್ಲಿ ಒಬ್ಬಳೇ, ಚೋಲ್ಪೋನ್ ಟ್ಯಾಕ್ಸಿ ಹುಡುಕಲು ಹೋಗಿರಬೇಕು, ನಾನು ಇಲ್ಲಿ ಚಿತ್ರದ ಮನುಷ್ಯನನ್ನು ಬೈಯುತ್ತಿದ್ದೆ. ಆರು ವರ್ಷ ಹೇಳಿದಳು, ಮುದ್ಕಾ, ಕಣ್ಣು ಮಂಜಾಗ್ತಿದೆ, ನಿನ್ನ ಮುಖ ಸರಿಯಾಗಿ ಕಾಣ್ತಿಲ್ಲ, ನಾನು ಪ್ರತಿ ಸಲ ತಮಾಷೆ ಮಾಡಿದೆ, ಒಳ್ಳೇದಾಯ್ತು ಬಿಡು, ನಿನ್ನ ಲೆಕ್ಕದಲ್ಲಿ ನಾನಿನ್ನೂ ಹುಡುಗನೇ, ಅಂತ. ಆರು ವರ್ಷ ಮುಂದೂಡಿದ್ದು ನಾನು, ಆಪರೇಷನ್ ಅಂದರೆ ಹೆದರಿದ್ದು ನಾನು, ಅವಳು ಹೆದರುತ್ತಾಳೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ. ಒಂದೇ ಒಂದು ಸಲ ನೋಡಬಹುದಿತ್ತಲ್ಲ ಅವಳು, ಮುಚ್ಚಳ ತೆಗೆದು ಒಂದೇ ಸಲ, ಆ ಕಣ್ಣು ಬಿಟ್ಟು.

ಈಗ ಹೆಂಗಸರೂ ಬಂದರು, ಮುಂದೆ ಬಾತ್ಮಾ, ಎರಡನೇ ಮಹಡಿಯ ಬಾತ್ಮಾ, ಜಿರೇನಿಯಂ ಕುಂಡದ ನೀರು ತನ್ನ ಒಣಹಾಕಿದ ಏಪ್ರಿಕಾಟಿನ ಮೇಲೆ ತೊಟ್ಟಿಕ್ಕಿತು ಅಂತ ಏಳು ವರ್ಷದಿಂದ ಜಿಪಾರಳ ಜೊತೆ ಮಾತು ಬಿಟ್ಟವಳು, ಗೋಡೆ ಕಡೆ ಮುಖ ಮಾಡಿ ಕೂತು ಸೊಂಟಕ್ಕೆ ಕೈ ಕೊಟ್ಟು ಹಾಡಿ ಅಳಲು ಶುರು ಮಾಡಿದಳು, ಸತ್ತವರನ್ನು ಹೊಗಳಿ ಹಾಡಬೇಕಲ್ಲ, ಅಯ್ಯೋ ನನ್ನ ಜಿಪಾರ್ ಎಜೆ, ಅಯ್ಯೋ ನನ್ನ ಅಕ್ಕಾ, ನಿನ್ನ ನಡಿಗೆ ಎಂಥ ಗತ್ತು, ನಿನ್ನ ಎಣ್ಣೆಯಲ್ಲಿ ಕರಿದ ಬೋರ್ಸೋಕು ಎಷ್ಟು ಹಗುರ, ಮೋಡದಂಗೆ ಉಬ್ಬುತಿತ್ತು, ನನ್ನದು ಕಲ್ಲಿನಂಗೆ ಕೂರುತಿತ್ತು, ಬದುಕಿದ್ದಾಗ ಹೇಳಲಿಲ್ಲ, ನಾಲಿಗೆ ಏಳಲಿಲ್ಲ — ಹೇಳಬಾರದಿತ್ತೇ ಪುಣ್ಯಾತ್ಗಿತ್ತಿ, ಒಂದು ಸಲ ಹೇಳಿದ್ದರೆ ಏಳು ವರ್ಷ ನಾನು ನಿಮ್ಮಿಬ್ಬರ ಮಧ್ಯೆ ಏಪ್ರಿಕಾಟು ಹೊತ್ತು ಓಡಾಡುವುದು ತಪ್ಪುತ್ತಿತ್ತು. ಸತ್ತವರ ಹೆಸರಲ್ಲಿ ಎಣ್ಣೆ ಕಾಯಿಸಿದ ವಾಸನೆ ಆಗಲೇ ಮೆಟ್ಟಿಲು ಹತ್ತಿ ಬಂತು, ಯಾರೋ ಕೆಳಗೆ ಬಾಣಲೆ ಇಟ್ಟಿದ್ದಾರೆ. ಗಂಡಸರು ಮೂಲೆಯಲ್ಲಿ ಗುಸುಗುಸು ಮಾತಾಡುತ್ತಿದ್ದಾರೆ, ಸತ್ತವರನ್ನು ಮಲಗಿಸಲು ಅಂಗಳದಲ್ಲಿ ಗುಡಾರ ಹಾಕಬೇಕು, ತಾಬಿಲ್ಡಿ ಆಗಲೇ ಫೋನು ಮಾಡಿಯಾಯಿತು, ಹತ್ತಿರದ ಬೀದಿಯವರದೇ, ಗಾಡಿ ಹೊರಟಾಯಿತು, ಇನ್ನು ಸಾವಿನ ಊಟಕ್ಕೆ ಕುದುರೆ ಕಡಿಯೋದೋ ಕುರಿ ಕಡಿಯೋದೋ, ಕುದುರೆ ಅಂದ ಒಬ್ಬ, ಈ ಬಿಸಿಲಲ್ಲಿ ಅಷ್ಟು ಮಾಂಸ ಇಡೋದೆಲ್ಲಿ ಕುರಿ ಸಾಕು ಅಂದ ತಾಬಿಲ್ಡಿ, ನನ್ನನ್ನು ಕೇಳಿದರು, ಅವಳು ಇದ್ದಿದ್ದರೆ ಕೇಳಿ ಹೇಳುತ್ತಿದ್ದೆ, ಇಂಥದ್ದೆಲ್ಲ ನಿರ್ಧಾರ ಮಾಡೋದು ಅವಳೇ. ಬೆಳಕು ಬೇಕು, ಅವಳಿಗೆ ಕತ್ತಲೆ ಕಂಡರೆ ಆಗದು, ಬರುವುದು ಮೈ ಮಾತ್ರವಾದರೂ ಬೆಳಕಿಗೇ ಬರಲಿ ಅಂತ ಸರಪಳಿಗೆ ಜೋತುಬಿದ್ದೆ, ಏರದು, ಎರಡೂ ಕೈಯಲ್ಲಿ ಜಗ್ಗಿದೆ, ಏರದು, ತಾಬಿಲ್ಡಿ ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸಿದ, ಬಿಡು ತಮ್ಮಾ, ಮುಚ್ಚಿದ್ದು ಮುಚ್ಚಿರ್ಲಿ. ಕೆಳಗೆ ಲಾರಿ ನಿಂತ ಸದ್ದು, ಮರದ ಜಾಲರಿ ಗೋಡೆಗಳನ್ನು ಇಳಿಸುವ ಸದ್ದು, ದಡಾರ್.

ಏಯ್, ಏಯ್, ಹೂವಿನ ಪಾತಿ ಮೇಲೆ ಇಳಿಸ್ತಿದೀಯಲ್ಲೋ, ಕಣ್ಣು ನಂಗಿಲ್ವೋ ನಿಂಗಿಲ್ವೋ? ದನಿ ಅಂಗಳದಿಂದ ಬಂತು. ನನ್ನ ಬೆನ್ನು ನೆಟ್ಟಗಾಯಿತು. ತಲೆ ಕೆಟ್ಟಿತು ನನಗೆ, ಸತ್ತವರ ದನಿ ಮೂರು ದಿನ ಕೇಳುತ್ತದಂತೆ ಅಂತ ನನಗೆ ನಾನೇ ಹೇಳಿಕೊಂಡೆ, ಆದರೆ ತಾಬಿಲ್ಡಿಗೂ ಕೇಳಿಸಿದೆ, ಅವನ ಕೈ ನನ್ನ ತೋಳಲ್ಲಿ ಐಸಿನಂತೆ ತಣ್ಣಗಾಯಿತು. ಯಾರ್ಗೋ ಈ ಗುಡಾರ, ಅಂತ ಕೇಳುತ್ತಿದೆ ದನಿ, ಲಾರಿಯವನು ಏನೋ ಅಂದ, ಮೂರನೇ ಮಹಡಿ ಅಜ್ಜಿ ಹೋಗ್ಬಿಟ್ರಂತೆ. ಯಾವ ಅಜ್ಜಿ? ಮೂರನೇ ಮಹಡೀಲಿ ಅಜ್ಜಿ ಅಂತ ಇರೋಳು ನಾನೊಬ್ಳೇ! ಬಾತ್ಮಾ ಹಾಡನ್ನು ಬೋರ್ಸೋಕಿನ ಹತ್ತಿರ ನಿಲ್ಲಿಸಿದಳು. ಯಾರೂ ಅಲ್ಲಾಡಲಿಲ್ಲ, ಮೆಟ್ಟಿಲಲ್ಲಿ ಹೆಜ್ಜೆ, ಒಂದು, ಎರಡು, ನಿಂತು ಉಸಿರು, ಮತ್ತೆ ಒಂದು, ಚೋಲ್ಪೋನಳ ದನಿ, ಅಮ್ಮಾ ನಿಧಾನ, ಅಮ್ಮಾ ತಲೆ ಬಗ್ಗಿಸ್ಬೇಡ, ಬಾಗಿಲಲ್ಲಿ ಬಂದು ನಿಂತಳು, ತಲೆಗೆ ನೀಲಿ ಚೌಕ, ಬಲಗಣ್ಣಿಗೆ ಬಿಳಿ ಮುಚ್ಚಳ, ಕೈಯಲ್ಲಿ ಆಸ್ಪತ್ರೆಯ ಚಪ್ಪಲಿಯ ಚೀಲ, ನನ್ನ ಜಿಪಾರ್. ಎಸೆನ್, ಯಾರು ಸತ್ರು, ಅಂದಳು — ಹೆಸರು ಹಿಡಿದು ಕರೆದಳು, ನಲವತ್ತಮೂರು ವರ್ಷದಲ್ಲಿ ಮೊದಲ ಸಲ, ಅಷ್ಟು ಗಾಬರಿ. ನನ್ನ ಬಾಯಿ ತೆರೆಯಿತು, ನೀನು, ಅಂದೆ. ತಾಬಿಲ್ಡಿ ಗೋಡೆಗೆ ಅಂಟಿಕೊಂಡಿದ್ದ, ಜಿಪಾರ್, ಪರದೆ ಇಳಿದಿತ್ತಲ್ಲ, ಹಗಲಲ್ಲಿ, ಮೂವತ್ತು ವರ್ಷದಲ್ಲಿ ಒಂದ್ಸಲನೂ, ನಾವು ಅಂದ್ಕೊಂಡ್ವಿ, ನೀನು ಬೇರೆ ಆಸ್ಪತ್ರೇಲಿ, ಮೇಲೆ ಬಂದ್ರೆ ಇವನೇ ಗೊಳೋ ಅಂತ ಅಳ್ತಿದ್ದ — ನೀವು ಅತ್ತಿದ್ದಕ್ಕೆ ನಾನು ಅತ್ತೆ, ಅಂದೆ ನಾನು, ನೀನು ಅತ್ತಿದ್ದಕ್ಕೆ ನಾವು ಜಾಸ್ತಿ ಅತ್ವಿ, ಅಂದ ಅವನು, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು, ಮಂಗಗಳ ಹಾಗೆ. ಚೋಲ್ಪೋನ್, ಅಪ್ಪಾ, ಇಪ್ಪತ್ತು ಸಲ ಫೋನ್ ಮಾಡಿದೀನಿ ನಿಂಗೆ, ಬೇಗ ಬಿಟ್ರು ಅಂತ ಹೇಳೋಕೆ! ಜಿಪಾರ್ ಮಾತ್ರ ಮೂಗು ಎಳೆದು ವಾಸನೆ ಹಿಡಿಯುತ್ತಿದ್ದಳು, ಎಣ್ಣೆ ಕಾಯಿಸಿದೀರಾ ನನ್ನ ಹೆಸರಲ್ಲಿ, ಯಾವ ಪ್ರಾಣಿ ಅಂತ ಮಾತಾಯ್ತು, ಕುದುರೆನಾ ಕುರೀನಾ? ಕುರಿ, ಅಂದ ತಾಬಿಲ್ಡಿ ಮೆಲ್ಲಗೆ. ಕುರೀನಾ ತಾಬಿಲ್ಡಿ, ಮೂವತ್ತು ವರ್ಷ ನಿಮ್ಮ ಅಂಗಳ ಕಾದಿದೀನಿ, ನಂಗೊಂದು ಕುರೀನಾ? ಬಿಸ್ಲು ಜಾಸ್ತಿ ಜಿಪಾರ್, ಅಂತ ಗೊಣಗಿದ. ಚಳಿಗಾಲದಲ್ಲಿ ಸಾಯ್ತೀನಿ ಬಿಡು ಹಂಗಾದ್ರೆ, ಕುದುರೆ ಸಿಗುತ್ತೆ, ಬಾತ್ಮಾ, ಅಲ್ಲಿದೀಯಾ, ಮೆಟ್ಟಿಲಲ್ಲೇ ಕೇಳಿಸ್ತು ನಂಗೆ, ಆ ಬೋರ್ಸೋಕಿನ ಸಾಲು ಇನ್ನೊಂದ್ಸಲ ಹಾಡು. ಬಾತ್ಮಾ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ, ಎದ್ದು ಬಂದು ಅವಳನ್ನು ತಬ್ಬಿಕೊಂಡಳು, ಮುಚ್ಚಳ, ಮುಚ್ಚಳಕ್ಕೆ ತಾಗಬೇಡಿ ಅಂತ ಚೋಲ್ಪೋನ್ ಕಿರುಚಿದಳು. ಬಂದಿರೋ ಗುಡಾರ ವಾಪಸ್ ಕಳಿಸ್ಬೇಡಿ, ಹಾಕಿ, ಕರಿದಿರೋದು ತಿಂದು ಎಲ್ರೂ ಅಲ್ಲಿ ಕೂತು ಚಹಾ ಕುಡೀರಿ, ನಾನು ಒಂದು ಗಳಿಗೆ ಮಲಗ್ತೀನಿ, ಸತ್ತು ಸುಸ್ತಾಗಿದೆ, ಅಂದಳು.

ಎಲ್ಲ ಇಳಿದು ಹೋದರು, ಚೋಲ್ಪೋನ್ ಬಾಗಿಲು ಅರ್ಧ ಮುಂದೆ ಮಾಡಿ ಹೋದಳು, ಜಿಪಾರ್ ಮಂಚದ ಅಂಚಲ್ಲಿ ಕೂತಿದ್ದಾಳೆ, ಮುಖವನ್ನು ಕಿಟಕಿ ಕಡೆ ತಿರುಗಿಸಿ ಕೆನ್ನೆಯಲ್ಲಿ ಬೆಳಕು ಹುಡುಕುತ್ತಿದ್ದಾಳೆ, ಎಡಗಡೆ ಸೋರ್ತಿದೆ ಮುದ್ಕಪ್ಪ, ಬಿಸಿ ತಾಗ್ತಿದೆ, ಅಂದಳು, ನಾನು ಏಣಿ ಹತ್ತಿದೆ, ಆ ಸ್ಕ್ರೂವನ್ನು ಅರ್ಧ ತಿರುವು, ಇನ್ನೂ, ಅಂದಳು, ಇನ್ನೂ ಸ್ವಲ್ಪ, ಈಗ ಕೆಳಗೆ, ಕುಂಡದ ಹತ್ತಿರ, ನನ್ನ ಕೋಟು ತುರುಕಿದೆ, ಹಾಂ, ಈಗ ಸರಿ, ಪುದೀನಾ ವಾಸನೆ ಯಾಕೆ ಬರ್ತಿದೆ, ಗೊತ್ತಿಲ್ಲ ಅಂದೆ. ಇಲ್ಲಿ ಬಾ ಅಂದಳು. ಹೋದೆ. ಕೈಯೆತ್ತಿ ನನ್ನ ಕೆನ್ನೆ ಮುಟ್ಟಿದಳು, ಅತ್ತಿದೀಯಾ, ಅಂದಳು, ಸಿಮೆಂಟು ಪುಡಿ ಅಂದೆ, ಸಿಮೆಂಟು ಒದ್ದೆಯಾಗಿರುತ್ತಾ, ಅಂದಳು, ನಿಜ ಹೇಳು, ನಾನು ಸತ್ತೆ ಅಂತ ಅತ್ತ್ಯಾ, ಸರಿಯಾಗಿ ಅತ್ತ್ಯಾ — ಅತ್ತೆ ಕಣೇ, ಅಂದೆ, ದನಿ ತೆಗೆದು ಅತ್ತೆ, ನೀನಿಲ್ದೆ ನಂಗೆ ಆಗಲ್ಲ, ಇಷ್ಟು ಹೇಳಲು ನಲವತ್ತಮೂರು ವರ್ಷ ಬೇಕಾಯಿತು. ಅವಳ ಕೈ ಮುಚ್ಚಳದ ಅಂಟುಪಟ್ಟಿಗೆ ಹೋಯಿತು, ಬೇಡ ಕಣೇ, ಡಾಕ್ಟರು ಬೈದಿದ್ದಾಳೆ, ಮಣ್ಣುಪಾಲು ಅಂತ — ಮತ್ತೆ ಈ ಕತ್ತಲೆ ಯಾತಕ್ಕೆ ಮಾಡಿದ್ದು ನೀನು, ಮದ್ದು ಹಾಕೋ ಹೊತ್ತು ಆಯ್ತು, ಒಂದೇ ಗಳಿಗೆ, ಅಲ್ಲಾಡಬೇಡ, ಅಂದಳು, ಪಟ್ಟಿ ಚರ್ರಂತ ಬಂತು, ಬಿಳಿ ಮುಚ್ಚಳ ಮಡಿಲಿಗೆ ಬಿತ್ತು, ರೆಪ್ಪೆ ಅಂಟಿಕೊಂಡಿತ್ತು, ಮೆಲ್ಲಗೆ ಬಿಡಿಸಿಕೊಂಡಿತು, ಬಾಗಿಲ ಸಂದಿಯ ಬೆಳಕಷ್ಟೇ ಸಾಕಾಯಿತು, ಕಣ್ಣು ನನ್ನ ಹಣೆಯ ಮೇಲೆ ಹೋಯಿತು, ಹುಬ್ಬಿಗೆ, ಮೀಸೆಗೆ, ಕೆನ್ನೆಯ ಸುಕ್ಕುಗಳಿಗೆ, ಒಂದೂ ಬಿಡಲಿಲ್ಲ, ಅಯ್ಯೋ ಮುದ್ಕಾ, ಯಾವಾಗ ಇಷ್ಟು ವಯಸ್ಸಾಯ್ತು ನಿಂಗೆ, ಅಂದಳು, ನಾನು ಏನಾದರೂ ತಮಾಷೆ ಮಾಡಬೇಕು, ಸಿಮೆಂಟು ಅನ್ನಬೇಕು, ಸ್ಟೂಲಿನ ವಿಷಯ ಈಗಲೇ ಹೇಳಿಬಿಡಬೇಕು, ಕುದುರೆ, ಕುರಿ, ಸರಪಳಿ ಯಾಕೆ ಏರಲಿಲ್ಲ, ಒಂದೂ ಬರುತ್ತಿಲ್ಲ ಬಾಯಿಗೆ, ಕಣ್ಣು ನೋಡುತ್ತಿದೆ, ಒದ್ದೆಯಾಗಿ, ಕಪ್ಪಗೆ, ಸ್ವಚ್ಛವಾಗಿ, ಮುಚ್ಚು ಕಣೇ ಅನ್ನಬೇಕು, ಅನ್ನಲಾಗುತ್ತಿಲ್ಲ, ನೋಡುತ್ತಿದೆ, ನನ್ನನ್ನೇ, ಆ ಕಣ್ಣು